ಪದ ಪರಿಚಯ: ಸಿಟಿ ಡೈರೆಕ್ಟರಿ

ಒಂದು ಊರಿನ ನಿವಾಸಿಗಳ ಹೆಸರು, ಕಸುಬು, ವಿಳಾಸಗಳನ್ನು ವರ್ಷಕ್ಕೊಮ್ಮೆ ಹೊಸದಾಗಿ ಕಲೆಹಾಕಿ ಅಚ್ಚುಮಾಡುತ್ತಿದ್ದ ಪುಸ್ತಕವೇ ಸಿಟಿ ಡೈರೆಕ್ಟರಿ. ಟೆಲಿಫೋನ್ ಡೈರೆಕ್ಟರಿ ಇದರ ಮುಂದೆ ಕಿರಿಯದು. ಲಂಡನ್ ವರ್ತಕರ ಪಟ್ಟಿ 1677ರಲ್ಲೇ ಅಚ್ಚಾಗಿತ್ತು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1785ರಲ್ಲಿ ಜಾನ್ ಮ್ಯಾಕ್‌ಫರ್ಸನ್ ಡೈರೆಕ್ಟರಿ ಮಾಡಹೊರಟಾಗ ಮನೆಗಳಿಗೆ ಸರಿಯಾದ ನಂಬರೇ ಇರಲಿಲ್ಲ. ಆತನೇ ನಂಬರು ಕೊಟ್ಟುಕೊಂಡು ಹೋದ. ಹೆಸರು ಕೇಳಿದಾಗ ‘ಹೇಳುವುದಿಲ್ಲ’ ಎಂದವರ ಉತ್ತರವನ್ನೂ ಹೆಸರಿನ ಜಾಗದಲ್ಲಿ ಹಾಗೆಯೇ ಅಚ್ಚುಹಾಕಿದ. ಮನೆಮನೆಗೆ ಹೋಗಿ ಕೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಲಂಡನ್ನಿನಲ್ಲಿ 1830ರ ದಶಕದಲ್ಲಿ ಪೋಸ್ಟ್ ಆಫೀಸ್ ಡೈರೆಕ್ಟರಿಯನ್ನು ಕೈಗೆತ್ತಿಕೊಂಡ ಫ್ರೆಡರಿಕ್ ಕೆಲ್ಲಿ ಅಂಚೆಯವರ ಮೇಲ್ವಿಚಾರಕ. ಕಾಗದ ಹಂಚುವವರೇ ಮಾಹಿತಿಯನ್ನೂ ತರುತ್ತಿದ್ದರು. ಕಲ್ಕತ್ತಾದ ಥ್ಯಾಕರ್ಸ್ ಡೈರೆಕ್ಟರಿ ಮೊದಲು ಬಂಗಾಳದ್ದಾಗಿತ್ತು, 1885ರಿಂದ ಭಾರತದ್ದಾಯಿತು.

ಪೂರ್ವಜರ ಸುಳಿವಿಗಾಗಿ ಈ ಹಳೆಯ ಡೈರೆಕ್ಟರಿಗಳನ್ನು ತಿರುವುವ ವಂಶಾವಳಿ ಹುಡುಕುವವರು ಎಡವುವುದು ಇಸವಿಯಲ್ಲಿ. ಮುಖಪುಟದ ವರ್ಷಕ್ಕೂ ಮಾಹಿತಿ ಕಲೆಹಾಕಿದ ವರ್ಷಕ್ಕೂ ಅಂತರವಿರಬಹುದು. ನ್ಯೂಯಾರ್ಕಿನಲ್ಲಿ ಬಾಡಿಗೆ ಕರಾರುಗಳು ಮೇ 1ಕ್ಕೆ ಮುಗಿದು ಊರಿಗೆ ಊರೇ ಮನೆ ಬದಲಿಸುತ್ತಿತ್ತು. ಅದಕ್ಕೇ ಡೈರೆಕ್ಟರಿಯವರು ಆ ದಿನ ಕಳೆದ ಮೇಲೆ ಮಾಹಿತಿ ಕಲೆಹಾಕಲು ಹೊರಡುತ್ತಿದ್ದರು. ಹೀಗಾಗಿ ಒಂದು ಡೈರೆಕ್ಟರಿಯ ಮಾಹಿತಿ ಎರಡು ಇಸವಿಗಳಲ್ಲಿ ಕಾಲಿಟ್ಟಿರುತ್ತದೆ. ಕಲೆಹಾಕಿದ ತಿಂಗಳು ಪೀಠಿಕೆಯಲ್ಲಿದೆಯೇ ಎಂದು ಮೊದಲು ನೋಡಿ.

ಅಮೆರಿಕದ ಡೈರೆಕ್ಟರಿಗಳಲ್ಲಿ ವಿಳಾಸಕ್ಕಿಂತ ಮೊದಲು ‘ಎಚ್’ (h) ಇದ್ದರೆ ಸಾಮಾನ್ಯವಾಗಿ ಅದು ವಾಸದ ಮನೆ. ‘ಬಿಡಿಎಸ್’ (bds) ಇದ್ದರೆ ದುಡ್ಡು ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಊಟ-ವಸತಿ ಪಡೆದವರು. ಗೃಹಿಣಿಯರ ಹೆಸರು ಬಹಳ ಕಾಲ ಇರುತ್ತಲೇ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ‘ವಿಧವೆ’ ಎಂಬ ಗುರುತಿನೊಂದಿಗೆ ಮೊದಲ ಬಾರಿ ಕಾಣಿಸಿಕೊಳ್ಳುತ್ತಿದ್ದರು. ಗಂಡನ ಸಾವಿನ ದಾಖಲೆ ಸಿಗದಾಗ ಆ ಒಂದು ಸಾಲು ಎಷ್ಟೋ ಸಲ ಕಾಲವನ್ನು ಒಂದೆರಡು ವರ್ಷಗಳ ಒಳಗೆ ತಂದು ನಿಲ್ಲಿಸುತ್ತದೆ.

ಅಕ್ಷರಾನುಕ್ರಮದ ಪಟ್ಟಿಯಲ್ಲದೆ ಕೆಲ್ಲಿಯ ಡೈರೆಕ್ಟರಿಯಂಥವುಗಳಲ್ಲಿ ಬೀದಿವಾರು ಪಟ್ಟಿಯೂ ಇದೆ. ಮನೆಗಳು ಸಾಲಾಗಿ ಬರುವಾಗ ಅಡ್ಡರಸ್ತೆ ಸಿಕ್ಕಲ್ಲಿ ‘ಇಲ್ಲಿ ಇಂಥ ಬೀದಿ’ ಎಂದು ನಡುವೆ ಬರೆದಿರುತ್ತಾರೆ. ಮನೆ ನಂಬರುಗಳು ಬದಲಾದ ಬೀದಿಯಲ್ಲಿ ಹಳೆಯ ಮನೆಯ ಜಾಗ ಹಿಡಿಯಬೇಕಾದರೆ ನಂಬರನ್ನು ಬಿಟ್ಟು ಈ ಅಡ್ಡರಸ್ತೆಗಳನ್ನು ಆಗಿನ ನಕ್ಷೆಯೊಡನೆ ಹೋಲಿಸಬೇಕು.

ಹೆಸರು ಸಿಗಲಿಲ್ಲವೆಂದರೆ ಆತ ಊರಲ್ಲಿರಲಿಲ್ಲ ಎಂದಲ್ಲ. ಮಾಹಿತಿ ಕೇಳುವವರು ಬಂದಾಗ ಬಾಗಿಲು ಹಾಕಿದ್ದಿರಬಹುದು, ಬಡ ಬಾಡಿಗೆದಾರರನ್ನು ಬಿಟ್ಟಿರಬಹುದು, ಕಾಗುಣಿತ ತಪ್ಪಿರಬಹುದು. ತಡವಾಗಿ ಬಂದ ಹೆಸರುಗಳ ಅನುಬಂಧವನ್ನೂ ಹಿಂದಿನ-ಮುಂದಿನ ವರ್ಷಗಳ ಸಂಪುಟಗಳನ್ನೂ ತೆರೆದು ನೋಡಿ.