ಫೋಮ್ ಜೇಡ ಗಾಳದ ಮೇಲೆ ತಿರುಗುವುದೇಕೆ?

ಪ್ರಶ್ನೆ: ಬ್ಲೂಗಿಲ್, ಸನ್‌ಫಿಶ್ ಥರದ ಸಣ್ಣ ಮೀನುಗಳಿಗೆ ಮನೆಯಲ್ಲೇ ಗಾಳಕ್ಕೆ ಫೋಮಿನ ಜೇಡ (ನೀರಿನ ಮೇಲೆ ತೇಲುವ ಕೃತಕ ಹುಳು) ಕಟ್ಟುತ್ತೇನೆ. ನಾಲ್ಕೈದು ಮೀನು ಕಚ್ಚುವಷ್ಟರಲ್ಲಿ ಫೋಮ್ ಗಾಳದ ಸುತ್ತ ತಿರುಗಿ ಕೆಳಗೆ ಬಂದುಬಿಡುತ್ತದೆ. ಮೇಲಿಂದ ಸೂಪರ್ ಗ್ಲೂ ಹಾಕಿದರೂ ನಿಲ್ಲುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ತಪ್ಪು ಫೋಮಿನ ಅಡಿಯಲ್ಲಿದೆ. ಗಾಳದ ಕಡ್ಡಿ, ಅಂದರೆ ಅದರ ನೇರ ಭಾಗ, ದುಂಡಗೆ, ನುಣ್ಣಗೆ ಇರುತ್ತದೆ. ಬರಿಯ ಲೋಹದ ಮೇಲೆ ಫೋಮ್ ಇಟ್ಟು ಕಟ್ಟಿದರೆ ಹಿಡಿತಕ್ಕೆ ಏನೂ ಸಿಗುವುದಿಲ್ಲ. ಮೀನು ಕಚ್ಚಿದಾಗಲೆಲ್ಲ ಫೋಮಿನೊಳಗಿನ ಗಾಳಿಗುಳ್ಳೆಗಳು ಅಮುಕಿಕೊಂಡು ದಾರ ಸಡಿಲವಾಗುತ್ತದೆ. ಮೇಲಿಂದ ಹಾಕಿದ ಅಂಟು ದಾರವನ್ನು ನೆನೆಸುತ್ತದೆಯೇ ಹೊರತು ಫೋಮಿಗೂ ಕಡ್ಡಿಗೂ ನಡುವೆ ಇಳಿಯುವುದಿಲ್ಲ.

10ನೇ ಅಳತೆಯ, ಸ್ವಲ್ಪ ಉದ್ದ ಕಡ್ಡಿಯ ಗಾಳ ತೆಗೆದುಕೊಳ್ಳಿ. ಬ್ಲೂಗಿಲ್ ಬಾಯಿ ಚಿಕ್ಕದು, ನುಂಗುವುದು ಆಳಕ್ಕೆ. ಕಡ್ಡಿ ಉದ್ದವಿದ್ದರೆ ಬಿಡಿಸುವುದು ಸುಲಭ. ಗಾಳದ ಮೊನೆಯ ಹಿಂದಿರುವ ಹಿಮ್ಮುಖ ಮುಳ್ಳನ್ನು, ಜೇಡ ಕಟ್ಟುವ ಮೊದಲೇ, ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಆಗ ಗಾಳ ಮುರಿದರೂ ಕಟ್ಟಿದ ಶ್ರಮ ಹೋಗುವುದಿಲ್ಲ. ಮೇಲಿನ ಎಣ್ಣೆಯ ಪಸೆ ಒರೆಸಿ.

ಈಗ ಮುಖ್ಯ ಕೆಲಸ, ಅಡಿಪಾಯ. 140 ಡೆನಿಯರ್ (ದಾರದ ದಪ್ಪ ಸೂಚಿಸುವ ಅಳತೆ) ದಾರವನ್ನು ಗಾಳದ ಕಣ್ಣಿನ (ಮೀನಿನ ದಾರ ಕಟ್ಟುವ ಉಂಗುರದ) ಹಿಂದಿನಿಂದ ಮುಳ್ಳಿನ ನೇರದವರೆಗೆ ಒತ್ತೊತ್ತಾಗಿ ಸುತ್ತಿ, ಬಿಡಿ ಸುತ್ತಿನಲ್ಲಿ ಮುಂದೆ ತಂದು, ಮತ್ತೆ ಹಾಗೆಯೇ ಹಿಂದಕ್ಕೆ ಒಯ್ಯಿರಿ. ಒಂದರ ಮೇಲೊಂದು ಅಡ್ಡಹಾಯ್ದ ಈ ಸುತ್ತುಗಳ ಏರುತಗ್ಗೇ ಫೋಮನ್ನು ಹಿಡಿಯುವುದು. ಸೂಜಿಯ ತುದಿಯಲ್ಲಿ ಒಂದು ಸಣ್ಣ ಹನಿ ಸೂಪರ್ ಗ್ಲೂ ತೆಗೆದು ಈ ದಾರಕ್ಕೆ ಸವರಿ, ತಕ್ಷಣ ಫೋಮ್ ಇಡಿ. ಹೆಚ್ಚು ಹಾಕಿದರೆ ಫೋಮ್ ಗಡುಸಾಗುತ್ತದೆ, ಕಣ್ಣೂ ಮುಚ್ಚಿಹೋಗುತ್ತದೆ.

ಎರಡನೆಯ ಕಾರಣ ಒಂದೇ ಕಟ್ಟು. ನಡುವಿನಲ್ಲಿ ಮಾತ್ರ ಬಿಗಿದ ಫೋಮ್ ಆ ಒಂದು ಬಿಂದುವಿನ ಮೇಲೆ ಸುಲಭವಾಗಿ ಹೊರಳುತ್ತದೆ. 2 ಮಿ.ಮೀ. ದಪ್ಪ, 5 ಮಿ.ಮೀ. ಅಗಲದ ಪಟ್ಟಿಯ ಒಂದು ತುದಿಯನ್ನು ಚೂಪಾಗಿ ಕತ್ತರಿಸಿ, ಆ ತುದಿಯನ್ನು ಮುಳ್ಳಿನ ನೇರಕ್ಕೆ ಕಟ್ಟಿ; ಉಳಿದ ಪಟ್ಟಿ ಹಿಂದಕ್ಕೆ ಚಾಚಿರಲಿ. ದಾರವನ್ನು ಮುಂದೆ ತಂದು, ಕಣ್ಣಿನಿಂದ ಕಡ್ಡಿಯ ಮೂರನೇ ಒಂದು ಭಾಗದಷ್ಟು ಹಿಂದೆ ನಿಲ್ಲಿಸಿ. ಅಲ್ಲಿ ಇನ್ನೊಂದು ಹನಿ ಅಂಟು ಹಚ್ಚಿ, ಪಟ್ಟಿಯನ್ನು ಬೆನ್ನಿನ ಮೇಲೆ ಮುಂದಕ್ಕೆ ಮಡಚಿ ಕಟ್ಟಿ. ಕಣ್ಣಿನ ಮೇಲೆ 3 ಮಿ.ಮೀ.ಯಷ್ಟು ತಲೆ ಬಿಟ್ಟು ಉಳಿದದ್ದನ್ನು ಕತ್ತರಿಸಿ.

ಬಿಗಿಯುವ ಕ್ರಮ ಬಹಳ ಮುಖ್ಯ. ಮೊದಲ ಎರಡು ಸುತ್ತು ಸಡಿಲವಾಗಿರಲಿ. ಮೂರನೆಯದನ್ನು ನೇರ ಮೇಲಕ್ಕೆ ಎಳೆದು ಬಿಗಿಯಿರಿ. ಪಕ್ಕಕ್ಕೆ ಎಳೆದರೆ ದಾರವೇ ಫೋಮನ್ನು ಆಚೆ ಬದಿಗೆ ತಿರುಗಿಸುತ್ತದೆ. ಒಟ್ಟು ಆರೇಳು ಸುತ್ತು ಸಾಕು. ದಾರ ಫೋಮನ್ನು ಕೊಯ್ಯುತ್ತಿದ್ದರೆ ಅದು ಹುರಿಗೊಂಡಿದೆ ಎಂದರ್ಥ. ಬಾಬಿನ್ (ದಾರದ ಉರುಳೆ ಹಿಡಿಯುವ ಸಾಧನ) ಅನ್ನು ತೂಗುಬಿಟ್ಟು, ಬಲಗೈಯವರು ಅಪ್ರದಕ್ಷಿಣವಾಗಿ ತಿರುಗಿಸಿದರೆ ದಾರ ಚಪ್ಪಟೆಯಾಗುತ್ತದೆ.

ಕಾಲುಗಳಿಗೆ ಎರಡು ಬದಿಗೂ ಒಂದೊಂದು ರಬ್ಬರ್ ಎಳೆಯನ್ನು ಮುಂದಿನ ಕಟ್ಟಿನಲ್ಲೇ ಅದರ ನಡುಭಾಗದಿಂದ ಕಟ್ಟಿ. ಗಾಳದ ಬಾಗು ದಾಟಿ ಬಹಳ ಉದ್ದ ಬಿಡಬೇಡಿ. ಬಿಟ್ಟರೆ ಮೀನು ಕಾಲಿನ ತುದಿಯನ್ನಷ್ಟೇ ಕಚ್ಚಿ ಎಳೆಯುತ್ತದೆ, ಗಾಳ ಬಾಯಿಗೆ ಹೋಗುವುದೇ ಇಲ್ಲ. ಒಂದು ಬದಿ ಉದ್ದವಾದರೆ ಜೇಡ ವಾಲಿಕೊಂಡು ತೇಲುತ್ತದೆ. ಕಣ್ಣಿನ ಹಿಂದೆ ಐದು ಸುತ್ತಿನ ವಿಪ್ ಫಿನಿಶ್ (ದಾರದ ತುದಿಯನ್ನು ಅದರದೇ ಸುತ್ತುಗಳಡಿ ಸಿಕ್ಕಿಸುವ ಕೊನೆಯ ಗಂಟು) ಹಾಕಿ ದಾರ ಕತ್ತರಿಸಿ.

ಅಂಟು ಪೂರ್ತಿ ಒಣಗಿದ ಮೇಲೆ ಫೋಮನ್ನು ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಅಲುಗಿದರೆ ಅಡಿಪಾಯದ ದಾರ ಕಡಿಮೆಯಾಗಿದೆ. ಈಗಾಗಲೇ ತಿರುಗಿರುವ ಜೇಡಗಳಿಗೆ ಮತ್ತೆ ಅಂಟು ಹಚ್ಚಿ ಫಲವಿಲ್ಲ. ಬ್ಲೇಡಿನಿಂದ ದಾರ ಕೊಯ್ದು, ಗಾಳ ಕೆರೆದು ಶುಚಿಮಾಡಿ ಹೊಸದಾಗಿ ಕಟ್ಟಿ.