ಮನೆ ಬೆಲೆ ಎರಡು ಪಟ್ಟಾದರೆ ತೆರಿಗೆಯೂ ಎರಡು ಪಟ್ಟಾ?

ಆಸ್ತಿ ತೆರಿಗೆ ಏರಿಕೆಯ ಸಭೆಗಳಲ್ಲಿ ನಾನು ಕೂರುವ ಜಾಗ ಒಂದೇ. ಕೊನೆಯ ಸಾಲು, ಬಾಗಿಲ ಪಕ್ಕ. ಇಪ್ಪತ್ತಾರು ವರ್ಷದಿಂದ ಆಸ್ತಿಯ ಮೌಲ್ಯ ಕಟ್ಟುವುದೇ ನನ್ನ ಕೆಲಸ. ಅದರಲ್ಲಿ ಅರ್ಧ ಕಾಲ ಸ್ಥಳೀಯ ಸಂಸ್ಥೆಗಳ ಪರವಾಗಿ ಮನೆ ಅಳೆದಿದ್ದೇನೆ, ಇನ್ನರ್ಧ ಕಾಲ ಮಾಲೀಕರ ಪರವಾಗಿ ಅಂಥದ್ದೇ ಅಳತೆಗಳ ಮೇಲೆ ಜಗಳ ಆಡಿದ್ದೇನೆ. ಹಾಗಾಗಿ ಎರಡೂ ಕಡೆಯವರು ನನ್ನನ್ನು ಪೂರ್ತಿ ನಂಬೋದಿಲ್ಲ. ಇರಲಿ.

ಪ್ರತಿ ಸಭೆಯಲ್ಲೂ ಹತ್ತನೇ ನಿಮಿಷದ ಹೊತ್ತಿಗೆ ಒಬ್ಬರು ಎದ್ದು ನಿಲ್ಲುತ್ತಾರೆ. ಕೈಯಲ್ಲಿ ನೋಟಿಸು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು ತಂದಿರುತ್ತಾರೆ, ಮಡಿಕೆಯ ಗೆರೆ ಸರಿಯಾಗಿ ಮೌಲ್ಯದ ಅಂಕಿಯ ಮೇಲೇ ಹಾದಿರುತ್ತದೆ. "ನನ್ನ ಮನೆ ಬೆಲೆ ಎರಡು ಪಟ್ಟು ಮಾಡಿದ್ದಾರೆ. ಅಂದ್ರೆ ತೆರಿಗೆಯೂ ಎರಡು ಪಟ್ಟು. ಹಗಲು ದರೋಡೆ ಅಲ್ವಾ ಇದು?" ಚಪ್ಪಾಳೆ ಬೀಳುತ್ತದೆ. ಅಲ್ಲಿಂದ ಮುಂದೆ ಒಂದೂವರೆ ಗಂಟೆ ಸಭೆ ಅದೇ ದಾರಿಯಲ್ಲಿ ಹೋಗುತ್ತದೆ.

ದರೋಡೆ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಆ ಕಾಗದ ಒಂದರಿಂದ ಅದು ಗೊತ್ತಾಗೋದಿಲ್ಲ. ಇದನ್ನು ಎಷ್ಟು ಸಲ ಬಾಯಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ, ಇವತ್ತು ಬರೆದೇ ಬಿಡುತ್ತೇನೆ.

ಹತ್ತು ಜನ ಸೇರಿ ಒಂದು ಗಾಡಿ ಬಾಡಿಗೆಗೆ ಹಿಡಿದಿದ್ದೀರಿ ಅಂದುಕೊಳ್ಳಿ. ಬಾಡಿಗೆಯನ್ನು ಅವರವರ ಸಾಮಾನಿನ ತೂಕದ ಪ್ರಕಾರ ಹಂಚಿಕೊಳ್ಳೋದು ಅಂತ ಮಾತಾಗಿದೆ. ಹೊರಡುವ ಮೊದಲು ತಕ್ಕಡಿ ಬದಲಾಯಿತು, ಹೊಸ ತಕ್ಕಡಿಯಲ್ಲಿ ಎಲ್ಲರ ಸಾಮಾನೂ ಎರಡು ಪಟ್ಟು ತೂಗಿತು. ನಿಮ್ಮ ಪಾಲಿನ ಹಣ ಎರಡು ಪಟ್ಟಾಗುತ್ತದೆಯೇ? ಇಲ್ಲ. ಗಾಡಿಯವನಿಗೆ ಕೊಡಬೇಕಾದ ಬಾಡಿಗೆ ಅಷ್ಟೇ ಇದೆ, ನಿಮ್ಮ ಪಾಲೂ ಅಷ್ಟೇ. ನಿಮ್ಮೊಬ್ಬರ ಗಂಟು ಮಾತ್ರ ಜಾಸ್ತಿ ತೂಗಿದ್ದರೆ, ಆಗ ಯೋಚಿಸಬೇಕು. ಇಲ್ಲಾಂದ್ರೆ ಬಾಡಿಗೆಯೇ ಏರಿದ್ದರೆ.

ಮೌಲ್ಯ ಅನ್ನೋದು ತಕ್ಕಡಿ. ಒಟ್ಟು ಸಂಗ್ರಹ ಅನ್ನೋದು ಬಾಡಿಗೆ. ಜನ ಜಗಳ ಆಡುವುದು ಯಾವಾಗಲೂ ತಕ್ಕಡಿಯ ಜೊತೆ.

ಅಂಕಿ ಹಾಕಿ ನೋಡೋಣ. ಊರಲ್ಲಿ ನೂರು ಮನೆ, ಒಂದೊಂದರ ಮೌಲ್ಯ ಹತ್ತು ಲಕ್ಷ. ಒಟ್ಟು ಹತ್ತು ಕೋಟಿ. ಊರಿನ ವರ್ಷದ ಖರ್ಚಿಗೆ ಬೇಕಾಗಿದ್ದು ಹತ್ತು ಲಕ್ಷ. ಅಂದರೆ ದರ ಶೇ. 1, ಒಂದು ಮನೆಗೆ ಹತ್ತು ಸಾವಿರ. ಮರುಮೌಲ್ಯಮಾಪನ ಬಂತು, ಎಲ್ಲ ಮನೆಗಳೂ ಇಪ್ಪತ್ತು ಲಕ್ಷವಾದವು. ಖರ್ಚು ಅಷ್ಟೇ ಇದ್ದರೆ ದರ ಶೇ. 0.5ಕ್ಕೆ ಇಳಿಯುತ್ತದೆ, ಬಿಲ್ ಮತ್ತೆ ಹತ್ತು ಸಾವಿರ. ಈಗ ಅರ್ಧ ಊರಿನ ಬೆಲೆ ಮಾತ್ರ ಎರಡು ಪಟ್ಟಾಯಿತು, ಇನ್ನರ್ಧ ಇದ್ದಲ್ಲೇ ಉಳಿಯಿತು ಅಂದುಕೊಳ್ಳಿ. ಒಟ್ಟು ಹದಿನೈದು ಕೋಟಿ. ದುಪ್ಪಟ್ಟಾದ ಮನೆಯವರಿಗೆ ಬಿಲ್ 13,333. ಬೆಲೆ ಏರದವರಿಗೆ 6,667. ಗಮನಿಸಿ, ಮೌಲ್ಯ ಎರಡು ಪಟ್ಟಾದವರ ಬಿಲ್ ಕೂಡ ಎರಡು ಪಟ್ಟಾಗಲಿಲ್ಲ, ಮೂರನೇ ಒಂದು ಭಾಗ ಏರಿತು.

ಇದರ ಮೇಲೆ ಸ್ಥಳೀಯ ಸಂಸ್ಥೆ ಶೇ. 10 ಜಾಸ್ತಿ ಬೇಕು ಅಂತ ನಿರ್ಧರಿಸಿತು ಅನ್ನಿ. ಆಗ ಮೊದಲ ಗುಂಪಿಗೆ 14,667, ಎರಡನೇ ಗುಂಪಿಗೆ 7,333. ಅಂದರೆ "ತೆರಿಗೆ ಏರಿಕೆ" ಆದ ವರ್ಷವೇ ಅರ್ಧ ಊರು ಹೋದ ವರ್ಷಕ್ಕಿಂತ ಕಡಿಮೆ ಕಟ್ಟುತ್ತದೆ. ಆ ಅರ್ಧ ಊರಿನವರೂ ಸಭೆಗೆ ಬಂದು ಕೂಗಾಡುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಕಡೆ ಹೀಗೆ ನಡೆಯೋದಿಲ್ಲ. ಖರ್ಚು ನೋಡಿ ದರ ಕಟ್ಟುವ ಪದ್ಧತಿಯಲ್ಲಿ ಮಾತ್ರ ಮೇಲಿನ ಲೆಕ್ಕ ನಿಲ್ಲುತ್ತದೆ. ದರವನ್ನು ಮೊದಲೇ ಗೊತ್ತುಮಾಡಿ, ಮೌಲ್ಯ ಏರಿದರೂ ಅದನ್ನು ಇಳಿಸದೆ ಬಿಡುವ ಕಡೆ ನೋಟಿಸು ಹಿಡಿದವರ ಮಾತೇ ನಿಜ, ಬಿಲ್ ಎರಡು ಪಟ್ಟಾಗುತ್ತದೆ. ಅಂಥ ಕಡೆಯೇ ಅಧಿಕಾರಿಗಳು ವೇದಿಕೆ ಮೇಲೆ ಎದೆ ಉಬ್ಬಿಸಿ "ನಾವು ದರ ಒಂಚೂರೂ ಏರಿಸಿಲ್ಲ" ಅನ್ನೋದು. ಏರಿಸಿಲ್ಲ ಸರಿ, ಇಳಿಸಿಲ್ಲವಲ್ಲ! ಮೌಲ್ಯ ಶೇ. 30 ಏರಿದಾಗ ದರವನ್ನು ಇದ್ದಲ್ಲೇ ಬಿಡುವುದೂ ಏರಿಕೆಯೇ. ಸುಮ್ನೆ ಕೂತು ಮಾಡಿದ ಏರಿಕೆ.

ಈ ಆಟ ತಡೆಯಲಿಕ್ಕೆ ಕೆಲವು ಕಡೆ ಕಾನೂನೇ ಇದೆ. ಅಮೆರಿಕದ ಯೂಟಾ ರಾಜ್ಯದಲ್ಲಿ 1985ರಿಂದ, ಮೌಲ್ಯ ಏರಿದರೆ ದರ ತಾನಾಗಿ ಇಳಿದು ಹೋದ ವರ್ಷದ ಆದಾಯಕ್ಕೇ ಬಂದು ನಿಲ್ಲುತ್ತದೆ. ಹೊಸ ಕಟ್ಟಡಗಳಿಂದ ಬರುವುದು ಬೇರೆ. ಅದಕ್ಕಿಂತ ಜಾಸ್ತಿ ಬೇಕಾದರೆ ಊರಿಗೆಲ್ಲ ಸಾರಿ, ಸಭೆ ಕರೆದು ಹೇಳಬೇಕು. ಟೆಕ್ಸಾಸ್‌ನಲ್ಲಿ ಇಂಥ ದರಕ್ಕೆ ಹಿಂದೆ ಯಾರಿಗೂ ಅರ್ಥವಾಗದ ಹೆಸರಿತ್ತು. 2019ರ ಕಾನೂನಿನಲ್ಲಿ ಅದನ್ನು "ಹೊಸ ಆದಾಯ ತರದ ದರ" ಅನ್ನುವ ಅರ್ಥದ ಹೆಸರಿಗೆ ಬದಲಿಸಿದರು. ಹೆಸರಿಡುವುದರಲ್ಲಿ ಇಷ್ಟು ಪ್ರಾಮಾಣಿಕತೆ ನಮ್ಮ ವೃತ್ತಿಯಲ್ಲಿ ಅಪರೂಪ.

ಒಮ್ಮೆ ಒಂದೇ ಬೀದಿಯ ನಲವತ್ತು ಮನೆಯವರು ನನ್ನ ಹತ್ತಿರ ಬಂದರು. ಒಳ್ಳೆಯ ಜನ, ಬರುವಾಗಲೇ ಕಡತ ಜೋಡಿಸಿಕೊಂಡು ಬಂದಿದ್ದರು. ಎಲ್ಲರ ಮೌಲ್ಯವನ್ನೂ ಶೇ. 20 ಇಳಿಸಲು ಮೇಲ್ಮನವಿ ಹಾಕಬೇಕು, ಊರಿನ ಉಳಿದ ಬೀದಿಗಳಿಗೂ ಕರಪತ್ರ ಹಂಚಿ ಎಲ್ಲರೂ ಹಾಕುವಂತೆ ಮಾಡಬೇಕು ಅನ್ನೋದು ಯೋಜನೆ. ನಾನು ತಕ್ಕಡಿಯ ಕಥೆ ಹೇಳಿದೆ. ಊರೆಲ್ಲ ಗೆದ್ದು ಎಲ್ಲರ ಮೌಲ್ಯವೂ ಶೇ. 20 ಇಳಿದರೆ ದರ ಅದಕ್ಕೆ ತಕ್ಕಂತೆ ಏರುತ್ತದೆ, ಬಿಲ್ ಮಾತ್ರ ಇದ್ದಷ್ಟೇ ಇರುತ್ತದೆ ಅಂದೆ. ಸಂಘದ ಕಾರ್ಯದರ್ಶಿ ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದರು: "ಹಾಗಾದ್ರೆ ಉಳಿದವರಿಗೆ ಹೇಳೋದು ಬೇಡ್ವಾ?" ಈ ವೃತ್ತಿಯಲ್ಲಿದ್ದುಕೊಂಡು ಅದಕ್ಕೆ ಉತ್ತರ ಕೊಡುವಂತಿಲ್ಲ. ಆದರೆ ಆ ಮನುಷ್ಯನಿಗೆ ವಿಷಯ ಅರ್ಥವಾಗಿತ್ತು, ನನಗೆ ಅಷ್ಟು ಸಾಕಾಗಿತ್ತು.

"ಹಾಗಾದರೆ ಮೌಲ್ಯ ಮುಟ್ಟಲೇಬೇಡಿ, ಹಳೆಯದೇ ಇರಲಿ" ಅನ್ನುವವರೂ ಇದ್ದಾರೆ. ಕೇಳಲು ಹಿತವಾಗಿದೆ. ಜರ್ಮನಿಯಲ್ಲಿ ಹಾಗೇ ಬಿಟ್ಟಿದ್ದರು. ಪಶ್ಚಿಮದಲ್ಲಿ 1964ರ ಮೌಲ್ಯ, ಪೂರ್ವದಲ್ಲಿ 1935ರದ್ದು. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇದು ಸಮಾನತೆಗೆ ವಿರುದ್ಧ ಅಂತ ತಳ್ಳಿಹಾಕಿತು, 2025ರಿಂದ ಹೊಸ ಮೌಲ್ಯ ಬಂತು. ಇಂಗ್ಲೆಂಡಿನಲ್ಲಿ ಇವತ್ತಿಗೂ 1991ರ ಏಪ್ರಿಲ್ ಬೆಲೆಯೇ ಆಧಾರ. ನಿನ್ನೆ ಕಟ್ಟಿದ ಮನೆಯನ್ನೂ "1991ರಲ್ಲಿ ಇದು ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು" ಅಂತ ಊಹಿಸಿ, ತೆರಿಗೆಗಾಗಿ ಮಾಡಿರುವ ಬೆಲೆಯ ಗುಂಪುಗಳಲ್ಲಿ ಒಂದಕ್ಕೆ ಸೇರಿಸಬೇಕು. ನನ್ನಂಥವರಿಗೆ ಇದು ಕೆಲಸ ಕೊಡುತ್ತದೆ, ದೂರಲಾರೆ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಮಜಾ. 1978ರಲ್ಲಿ ಜನರೇ ಮತ ಹಾಕಿ ಮೂಲ ದರ ಶೇ. 1 ದಾಟಬಾರದು, ಮನೆ ಮಾರಾಟವಾಗುವವರೆಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಬಾರದು ಅಂತ ಕಟ್ಟಿಹಾಕಿದರು. ಹಳಬರು ಬಚಾವಾದರು. 1988ರಲ್ಲಿ ಅಲ್ಲಿ ಮನೆ ಕೊಂಡ ಒಬ್ಬ ಮಹಿಳೆಗೆ, ಅಂಥದ್ದೇ ಮನೆಯಲ್ಲಿದ್ದ ಹಳೆಯ ನೆರೆಯವರಿಗಿಂತ ಸುಮಾರು ಐದು ಪಟ್ಟು ತೆರಿಗೆ ಬಿತ್ತು. ಸುಪ್ರೀಂ ಕೋರ್ಟಿನವರೆಗೂ ಹೋದರು, 1992ರಲ್ಲಿ ಸೋತರು. ಗಾಡಿಯ ಲೆಕ್ಕದಲ್ಲಿ ಹೇಳಬೇಕೆಂದರೆ, ಮೊದಲು ಹತ್ತಿ ಕೂತವರ ಸಾಮಾನು ತೂಗಲೇಬಾರದು ಅಂತ ಮಾತಾಯಿತು, ಕೊನೆಗೆ ಹತ್ತಿದವರ ತಲೆ ಮೇಲೆ ಭಾರ ಬಿತ್ತು.

ಮೌಲ್ಯದ ಬಗ್ಗೆ ಜಗಳ ಆಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಆಡಿ. ಆದರೆ "ಜಾಸ್ತಿ ಆಯ್ತು" ಅನ್ನೋದು ವಾದವಲ್ಲ. "ನನ್ನಂಥದ್ದೇ ಪಕ್ಕದ ಮನೆಗಳಿಗಿಂತ ನನ್ನದು ಜಾಸ್ತಿ ಹಾಕಿದ್ದೀರಿ" ಅನ್ನೋದು ವಾದ. ಅದಕ್ಕಿಂತ ಮೊದಲು ದಾಖಲೆಯಲ್ಲಿ ನಿಮ್ಮ ಮನೆ ಹೇಗಿದೆ ಅಂತ ಹೋಗಿ ನೋಡಿ. ಒಬ್ಬ ನಿವೃತ್ತ ಶಿಕ್ಷಕಿಯ ಮನೆಗೆ ಹೋಗಿದ್ದೆ. ದಾಖಲೆಯಲ್ಲಿ ಹಿತ್ತಿಲಲ್ಲಿ ಒಂದು ಕಾರು ಶೆಡ್ ಇತ್ತು. ಹಿತ್ತಿಲಲ್ಲಿ ನಾಲ್ಕು ಕಲ್ಲುಗಳಿದ್ದವು, ಅದರ ಮೇಲೆ ಯಾವುದೋ ಹೂಬಳ್ಳಿ ಹಬ್ಬಿತ್ತು. ಶೆಡ್ ಬಿದ್ದು ಹನ್ನೊಂದು ವರ್ಷ ಆಗಿತ್ತಂತೆ. ಹನ್ನೊಂದು ವರ್ಷ ಆಕೆ ಹೂಬಳ್ಳಿಗೆ ಕಾರು ಶೆಡ್ಡಿನ ತೆರಿಗೆ ಕಟ್ಟಿದ್ದರು, ತೆರಿಗೆ ಜಾಸ್ತಿಯಾಯಿತು ಅಂತ ಪ್ರತಿ ಸಭೆಯಲ್ಲೂ ಮಾತಾಡಿಯೂ ಇದ್ದರು. ದಾಖಲೆ ತೆರೆದು ನೋಡಿದ್ದು ಮಾತ್ರ ಆ ದಿನವೇ. ಮುಂದಿನದು ಸರಿಹೋಯಿತು. ಹಿಂದಿನದು ವಾಪಸ್ ಸಿಗುತ್ತದಾ, ಎಷ್ಟು ವರ್ಷದ್ದು ಅನ್ನೋದು ಆಯಾ ಕಡೆಯ ನಿಯಮಕ್ಕೆ ಬಿಟ್ಟದ್ದು, ಮೊದಲೇ ಆಸೆ ಇಟ್ಟುಕೊಳ್ಳಬೇಡಿ.

ಉಲ್ಟಾ ಆಗುವುದೂ ಇದೆ. ಒಬ್ಬರು ಮನೆ ಒಳಗಿನ ಗೋಡೆಯಿಂದ ಗೋಡೆಗೆ ತಾವೇ ಟೇಪ್ ಹಿಡಿದು, ದಾಖಲೆಯಲ್ಲಿ ವಿಸ್ತೀರ್ಣ ಜಾಸ್ತಿ ಬರೆದಿದ್ದಾರೆ ಅಂತ ನನ್ನನ್ನು ಕರೆಸಿದರು. ಅಲ್ಲಿ ಲೆಕ್ಕ ಹೊರಗೋಡೆಯದು. ನಾನು ಹೊರಗಿನಿಂದ ಅಳೆಯುತ್ತಾ ಹಿಂದೆ ಹೋದೆ, ಮೇಲೆ ಒಂದು ಕೋಣೆ ಕಂಡಿತು. ದಾಖಲೆಯಲ್ಲಿ ಇರಲೇ ಇಲ್ಲ. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. "ಮೇಲ್ಮನವಿ ಹಾಕ್ಲಾ?" ಅಂದರು. ಮರುಪರಿಶೀಲನೆ ಅಂದರೆ ಎರಡೂ ಕಡೆಗೆ ತೆರೆಯುವ ಬಾಗಿಲು ಅಂತ ಹೇಳಿ, ಟೇಪ್ ಸುತ್ತಿಕೊಂಡು ಬಂದೆ. ಇಂಗ್ಲೆಂಡಿನಲ್ಲಂತೂ ಗುಂಪು ಬದಲಿಸಿ ಅಂತ ಕೇಳಿದವರನ್ನು ಮೇಲಿನ ಗುಂಪಿಗೆ ಹಾಕಬಹುದು. ನೆರೆಯವರನ್ನೂ ಹಾಕಬಹುದು, ಆಮೇಲೆ ಬೀದಿಯಲ್ಲಿ ನಿಮ್ಮ ಮುಖ ನೋಡುವವರಿರೋದಿಲ್ಲ.

ಆದಾಯವಿಲ್ಲದ ವಯಸ್ಸಾದವರ ಸಂಕಟ ನಿಜವಾದದ್ದು. ಮನೆ ದುಬಾರಿ, ಕೈ ಖಾಲಿ. ಕೆಲವು ಕಡೆ, ಉದಾಹರಣೆಗೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, 55 ದಾಟಿದವರು ತೆರಿಗೆಯನ್ನು ಮನೆಯ ಮೇಲಿನ ಸಾಲವಾಗಿ ಮುಂದೂಡಬಹುದು, ಮಾರುವಾಗ ಬಡ್ಡಿ ಸೇರಿಸಿ ತೀರಿಸಬಹುದು. ಸಭೆಯಲ್ಲಿ ಇದನ್ನು ಕೇಳಿದರೆ ಪ್ರಯೋಜನವಿದೆ. ಬಾಡಿಗೆದಾರರು ಸಭೆಗೆ ಬರೋದೇ ಇಲ್ಲ. ಏರಿಕೆಯಲ್ಲಿ ಅವರ ತಲೆಗೆ ಎಷ್ಟು ಬೀಳುತ್ತದೆ ಅನ್ನುವುದರಲ್ಲಿ ಅರ್ಥಶಾಸ್ತ್ರಜ್ಞರೇ ಒಮ್ಮತಕ್ಕೆ ಬಂದಿಲ್ಲ.

ಹೋದ ತಿಂಗಳ ಸಭೆಯಲ್ಲೂ ನಾಲ್ಕು ಮಡಿಕೆಯ ನೋಟಿಸು ಎದ್ದಿತು, ಚಪ್ಪಾಳೆಯೂ ಬಿತ್ತು. ಆಮೇಲೆ ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಕೂತಲ್ಲಿಂದಲೇ ಕೇಳಿದರು: "ಹೋದ ವರ್ಷ ಊರಿಂದ ಒಟ್ಟು ಎಷ್ಟು ವಸೂಲಾಯ್ತು? ಈ ವರ್ಷ ಎಷ್ಟು ಮಾಡ್ಬೇಕು ಅಂತಿದೀರಿ? ಎರಡೇ ಅಂಕಿ ಹೇಳಿ ಸಾಕು." ಅಧಿಕಾರಿ ಪಕ್ಕದವರ ಮುಖ ನೋಡಿದರು. ಪಕ್ಕದವರು ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಕೊನೆಗೆ ಎರಡೂ ಅಂಕಿ ಹೊರಬಂದವು, ವ್ಯತ್ಯಾಸ ಶೇ. 6. ಆ ಆರು ಯಾಕೆ ಬೇಕು, ಚರಂಡಿಗಾ ಸಂಬಳಕ್ಕಾ ಅಂತ ಮಾತು ಶುರುವಾಯಿತು, ಬಿಸಿಯೂ ಆಯಿತು. ನನ್ನ ಎದುರಿನ ಕುರ್ಚಿಗೆ ವಾಪಸ್ ಬಂದು ಕೂತಿದ್ದ ನೋಟಿಸಿನ ಯಜಮಾನರು ತಿರುಗಿ ಪೆನ್ನು ಕೇಳಿದರು. ಕೊಟ್ಟೆ. ನೋಟಿಸನ್ನು ತೊಡೆಯ ಮೇಲೆ ಮಗುಚಿ, ಖಾಲಿ ಬದಿಯಲ್ಲಿ ಎರಡೂ ಅಂಕಿ ಒಂದರ ಕೆಳಗೊಂದು ಬರೆದು ಕಳೆಯತೊಡಗಿದರು. ಪೆನ್ನು ಇನ್ನೂ ಅವರ ಹತ್ತಿರವೇ ಇದೆ.