ಫೈಲ್ ಎಲ್ಲಿದೆ?

ನಮ್ಮ ಮಕ್ಕಳ ಕ್ಯಾನ್ಸರ್ ಒಪಿಡಿಗೆ ಮೀಸೆ ಬಂದ ಹುಡುಗ ಬಂದರೆ ನನಗೆ ಖುಷಿ. ಚಿಕ್ಕವನಿದ್ದಾಗ ಗೆದ್ದು ಹೋದವನು ಅಂತ ಅರ್ಥ. ‘ಫೈಲ್ ತಂದಿದ್ದೀರಾ?’ ಅಂತ ಕೇಳಿದ ಕೂಡಲೇ ಆ ಖುಷಿ ಅರ್ಧ ಇಳಿದುಹೋಗುತ್ತದೆ.

ಮನೆ ಬದಲಾಯಿಸುವಾಗ ಕಳೆಯಿತು. ಗೆದ್ದಲು ಹಿಡೀತು. ಅಜ್ಜಿ ಒಲೆಗೆ ಹಾಕಿದರು. ಕೊಳ್ಳೇಗಾಲದ ಕಡೆಯ ಒಬ್ಬ ತಂದೆಯಂತೂ, ಮಗಳ ಕೂದಲು ಮತ್ತೆ ಬೆಳೆದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡಿಸಿ, ವಾಪಸ್ ಬರುವಾಗ ಫೈಲಿಗೂ ಒಂದು ಗತಿ ಕಾಣಿಸಿದ್ದರು. ‘ಪೀಡೆ ಕಳೀತು ಅಂತ ಹೊಳೆಗೆ ಬುಟ್ಬುಟ್ಟೋ ಸಾ.’

ನಾನು ಬೈಯಲಿಲ್ಲ. ಆ ಫೈಲುಗಳು ಹೇಗಿರುತ್ತವೆ ಅಂತ ನನಗೆ ಗೊತ್ತು. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು, ಒಳಗೆ ಒಂದರ ಮೇಲೊಂದು ಪಿನ್ ಹೊಡೆದ ರಕ್ತದ ರಿಪೋರ್ಟು, ಎಲ್ಲೋ ಒಂದು ಕಡೆ ಸಾರಿನ ಕಲೆ. ಎರಡೂವರೆ ವರ್ಷ ಅದನ್ನು ಎದೆಗವಚಿಕೊಂಡು ಓಡಾಡಿದವರಿಗೆ ಅದರ ಮುಖ ನೋಡುವುದೂ ಬೇಡ ಅನಿಸುತ್ತದೆ. ಹೆಣ್ಣುಮಗುವಾದರೆ ಮುಂದೆ ಮದುವೆಯ ಚಿಂತೆ ಬೇರೆ.

ಆದರೂ ಒಂದು ಮಾತನ್ನು ನಾನು ದಿನಾ ಹೇಳುತ್ತೇನೆ, ದಿನಾ ಅದು ಗಾಳಿಗೆ ಹೋಗುತ್ತದೆ. ನನಗೆ ಬೇಕಿರುವುದು ಕಾಯಿಲೆಯ ಹೆಸರಲ್ಲ, ಔಷಧಿಯ ಲೆಕ್ಕ.

‘ಬ್ಲಡ್ ಕ್ಯಾನ್ಸರ್ ಇತ್ತು, ವಾಸಿ ಆಯ್ತು’ ಅಂದರೆ ನನಗೆ ಏನೂ ತಿಳಿಯುವುದಿಲ್ಲ. ಡಾಕ್ಸೊರುಬಿಸಿನ್ ಅಂತ ಒಂದು ಕೀಮೋ ಔಷಧಿ ಇದೆ. ಬಣ್ಣ ಕೆಂಪು. ಹಾಕಿಸಿಕೊಂಡ ಮಗುವಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಮೊದಲ ಸಲ ನೋಡಿ ಕಿರುಚದ ತಾಯಿ ಕಡಿಮೆ. ಡೌನೊರುಬಿಸಿನ್ ಅದರ ಅಣ್ಣತಮ್ಮ. ಇವು ಮಕ್ಕಳನ್ನು ಉಳಿಸಿದ ಔಷಧಿಗಳು, ಅನುಮಾನವಿಲ್ಲ. ಆದರೆ ಹೃದಯದ ಸ್ನಾಯುವಿನ ಮೇಲೆ ಇವುಗಳ ಸಾಲ ಉಳಿಯಬಹುದು. ಅದು ಹತ್ತು, ಇಪ್ಪತ್ತು ವರ್ಷ ಬಿಟ್ಟು ವಸೂಲಿಗೆ ಬರುವುದುಂಟು.

ಯಾರಿಗೆ ಬರುತ್ತದೆ? ಎಲ್ಲರಿಗೂ ಅಲ್ಲ, ದಯವಿಟ್ಟು ಗಾಬರಿಯಾಗಬೇಡಿ. ಮೊದಲಿನಿಂದ ಕೊನೆಯವರೆಗೆ ಕೊಟ್ಟಿದ್ದನ್ನೆಲ್ಲ ಕೂಡಿಸಿದರೆ ಎಷ್ಟಾಯಿತು ಅನ್ನುವುದು ಮುಖ್ಯ. ಮೈಯ ಅಳತೆಗೆ, ಒಂದು ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೊಡುತ್ತೇವೆ. ಆ ಮೊತ್ತ 250 ದಾಟಿದ್ದರೆ ಎರಡು ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸುವುದು ಒಳ್ಳೆಯದು. 100ರಿಂದ 250ರ ಒಳಗಿದ್ದರೆ ಐದು ವರ್ಷಕ್ಕೊಮ್ಮೆ ಸಾಕು. ಎದೆಗೆ ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟಿದ್ದರೆ ಲೆಕ್ಕವೇ ಬೇರೆ. ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿ, ಒಂದೇ ಕಾಯಿಲೆ ಅನ್ನಿಸಿಕೊಂಡ ಇಬ್ಬರು ಮಕ್ಕಳ ಮೊತ್ತ ಬೇರೆಬೇರೆ ಇರಬಹುದು. ಮುಖ ನೋಡಿ ಹೇಳಲಾಗುವುದಿಲ್ಲ, ರಕ್ತ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಫೈಲಿನಲ್ಲಿ ಮಾತ್ರ ಇರುತ್ತದೆ.

‘ಆಸ್ಪತ್ರೆಯಲ್ಲಿ ಇರುತ್ತಲ್ವಾ ಸಾರ್?’ ಇರಬಹುದು, ಇಲ್ಲದೆಯೂ ಇರಬಹುದು. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡರೆ ಸಾಕು. ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಅದರಲ್ಲೇ ಇದೆ. ಹಾಗಾಗಿ ಚಿಕಿತ್ಸೆ ಮುಗಿದ ವಾರವೇ ಕೇಳಿ. ಕೊಟ್ಟ ಔಷಧಿಗಳು, ಒಟ್ಟು ಮೊತ್ತ, ಕರೆಂಟ್ ಎಲ್ಲಿಗೆ ಎಷ್ಟು, ಎಲ್ಲ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿಡಿ. ಉಳಿದ ಕಾಗದ ಬೇಕಾದರೆ ಹೊಳೆಗೆ ಬಿಡಿ, ನನ್ನ ತಕರಾರಿಲ್ಲ.

ಆ ಮುಡಿ ಕೊಟ್ಟ ಹುಡುಗಿ ನನ್ನ ಹತ್ತಿರ ಬಂದಾಗ ಅವಳಿಗೆ 22, ಏಳು ತಿಂಗಳ ಬಸುರಿ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು. ಊರಿನಲ್ಲಿ ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ‘ಚಿಕ್ಕವಳಿದ್ದಾಗ ಏನಾದ್ರೂ ಕಾಯಿಲೆ ಇತ್ತಾ ತಾಯಿ?’ ಅಂತ ಅಲ್ಲಿಯ ಡಾಕ್ಟರ್ ಕೇಳಿಯೂ ಇದ್ದರು, ಪಾಪ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ‘ಜ್ವರ ಬಂದಿತ್ತು’ ಅಂದಿದ್ದಳು. ಎಕೋದಲ್ಲಿ ಹೃದಯ ಅರ್ಧದಷ್ಟೇ ಕೆಲಸ ಮಾಡುತ್ತಿತ್ತು. ಅಪ್ಪನನ್ನು ಕರೆಸಿ ಕೇಳಿದೆ, ಕೆಂಪು ಇಂಜೆಕ್ಷನ್ ಎಷ್ಟು ಸಲ? ಆರೋ ಏಳೋ ಅಂದರು. ಹತ್ತೂ ಇರಬಹುದು ಅಂದರು. ಬಸುರಿನಿಂದಲೇ ಹೃದಯ ಸೋಲುವುದೂ ಉಂಟು. ಹಾಗಾಗಿ ಔಷಧಿಯದೇ ಕೆಲಸ ಅಂತ ನಾನು ಇವತ್ತಿಗೂ ಬರೆದು ಕೊಡಲಾರೆ.

ಹೃದಯದ ಡಾಕ್ಟರು, ಹೆರಿಗೆ ಡಾಕ್ಟರು ಸೇರಿ ತಾಯಿ ಮಗು ಇಬ್ಬರನ್ನೂ ಉಳಿಸಿದರು. ಮಗನಿಗೆ ಮೂರು ವರ್ಷ ಈಗ, ನನ್ನ ಟೇಬಲ್ ಮೇಲಿನ ಪೆನ್ ಎಲ್ಲ ಕೆಳಗೆ ಬೀಳಿಸುತ್ತಾನೆ. ಅವಳು ದಿನಾ ಎರಡು ಹೊತ್ತು ಎನಾಲಾಪ್ರಿಲ್ ನುಂಗುತ್ತಾಳೆ. ಮನೆಯಲ್ಲಿ ಏನು ಹೇಳಿದ್ದೀಯಮ್ಮ ಅಂತ ಒಮ್ಮೆ ಕೇಳಿದೆ.

‘ಬಿಪಿ ಮಾತ್ರೆ ಅಂದಿದೀನಿ ಸಾರ್. ನೀವೂ ಹಂಗೇ ಅನ್ನಿ.’

ಬಿಪಿಗೂ ಕೊಡುವ ಮಾತ್ರೆಯೇ ಅದು. ಅತ್ತೆ ಜೊತೆಗೆ ಬಂದ ದಿನ ನಾನೂ ಹಾಗೇ ಅಂದೆ.